ಡೇಟಾ ತಗೊಂಡು ಬಾ ಅಂದಿದ್ದೆ, ತಂದ

ಮೊನ್ನೆ ಸ್ಟೋರ್‌ನಲ್ಲಿ ಹಳೇ ಇಶ್ಯೂ ಸ್ಲಿಪ್‌ಗಳ ಕಟ್ಟು ಬಿಚ್ಚಿ ಏನೋ ಹುಡುಕುತ್ತಿದ್ದೆ. ಆ ವರ್ಷದ ಸೆಪ್ಟೆಂಬರ್ ತಿಂಗಳ ಗುಲಾಬಿ ಸ್ಲಿಪ್‌ಗಳು ಕೈಗೆ ಬಂದವು ನೋಡಿ, ಹೊಟ್ಟೆಯಲ್ಲಿ ಹಿಂಡಿದಂತಾಯಿತು. ಬರೆದು ಹಾಕಿದರೆ ಸ್ವಲ್ಪ ಕಮ್ಮಿಯಾದೀತು ಅಂತ ಕೂತಿದ್ದೇನೆ.

ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಎಂಆರ್ (ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್) ಕೂಡ ನಾನೇ. ಅಂದರೆ ಯಾರಿಗೂ ಬೇಡವಾದ ಫೈಲ್ ಕೊನೆಗೆ ಬಂದು ಕೂರುವುದು ನನ್ನ ಟೇಬಲ್ ಮೇಲೆ. ಹಾಗೆಯೇ ಬಂತು ಈ ಸಸ್ಟೇನಬಿಲಿಟಿ ಕೂಡ. ನಮ್ಮ ದೊಡ್ಡ ಗಿರಾಕಿ ಒಂದು ಪಂಪ್ ಕಂಪನಿ, ಷೇರುಪೇಟೆಯಲ್ಲಿ ಇರುವಂಥದ್ದು. ಷೇರುಪೇಟೆ ನಿಯಂತ್ರಕ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಅಂತ, ಪರಿಸರ ಮತ್ತು ಕೆಲಸಗಾರರ ಲೆಕ್ಕ ಒಪ್ಪಿಸುವ ಒಂದು ವರದಿ ತಂದಿತಲ್ಲ, 2022-23ರಿಂದ ಅದು ಮೇಲಿನ 1000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ. ಆಮೇಲೆ 2023ರಲ್ಲಿ, ಅವರಿಗೆ ಮಾಲು ಕೊಡುವವರ ಲೆಕ್ಕವೂ ಬೇಕು ಅನ್ನುವ ಮಾತು ಶುರುವಾಯಿತು. ಮುಂಬೈಯಲ್ಲಿ ಹೊರಟ ಕಾಗದ ನಮ್ಮ ಗೇಟಿಗೆ ಬರುವಷ್ಟರಲ್ಲಿ 140 ಸಾಲಿನ ಎಕ್ಸೆಲ್ ಆಗಿತ್ತು. ಮಾಲಕರು ಅದನ್ನು ತೆರೆದೂ ನೋಡಲಿಲ್ಲ. "ಗಿರಾಕಿ ಕೇಳ್ಯಾನ, ಕೊಟ್ಟು ಬಿಡ್ರಿ. ಇಲ್ಲಾಂದ್ರ ಕೊಲ್ಹಾಪುರದವ್ರು ಕೊಡ್ತಾರ" ಅಂದರು.

ಕೊಡುವುದಕ್ಕೆ ಮೊದಲು ಏನಾದರೂ ಮಾಡಬೇಕಲ್ವಾ. ಮೌಲ್ಡಿಂಗ್ ಶೆಡ್‌ನಲ್ಲಿ ಎಲ್ಲರನ್ನೂ ನಿಲ್ಲಿಸಿ ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಂದರೇನು, ಭೂಮಿ ಯಾಕೆ ಬಿಸಿಯಾಗುತ್ತಿದೆ, ನಾವು ಸುರಿಯುವ ಉಸುಕು ಎಲ್ಲಿಗೆ ಹೋಗುತ್ತದೆ. ಗಿಡದ ಚಿತ್ರ ಇರುವ ಪೋಸ್ಟರ್ ಕೂಡ ಅಂಟಿಸಿದೆ. ಕೊನೆಗೆ ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದಾಗ ಗುತ್ತಿಗೆಯ ಹುಡುಗನೊಬ್ಬ ಹಿಂದಿನಿಂದ ಕೈ ಎತ್ತಿದ. "ಸರ, ಇಎಸ್‌ಐ ಕಾರ್ಡ್ ಯಾವಾಗ ಬರ್ತಾವ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಇಎಸ್‌ಐ ಅಲ್ಲಪ್ಪಾ, ಇಎಸ್‌ಜಿ ಅಂತ ತಿದ್ದಿ ಕಳಿಸಿದೆ.

ಮೊದಲ ಎರಡು ತಿಂಗಳು ಚೆನ್ನಾಗಿಯೇ ಹೋಯಿತು. ಭಾನುವಾರ ಎಲ್ಲ ಮಷಿನ್ ನಿಂತಾಗ ಕಂಪ್ರೆಸರ್ ಮಾತ್ರ ಹಚ್ಚಿ, ಮೇಂಟೆನನ್ಸಿನ ಇಬ್ಬರು ಹುಡುಗರ ಜೊತೆ ಸೋಪಿನ ನೀರು ಹಿಡಿದು ಗಾಳಿ ಸೋರುವುದನ್ನು ಹುಡುಕುತ್ತಾ ಪೈಪ್‌ಲೈನ್ ಪೂರ್ತಿ ಸುತ್ತಿದೆವು. ಎಲ್ಲಿ ನೋಡಿದರೂ ಬುರುಬುರು ನೊರೆ. ಯಾವ ಮಷಿನ್ನೂ ನಡೆಯದೆ ಆ ಕಂಪ್ರೆಸರ್ ಲೋಡ್ ಆಗುತ್ತಲೇ ಇತ್ತು, ವರ್ಷಗಟ್ಟಲೆ ಹಾಗೇ ಆಗಿರಬೇಕು. ಕಪ್ಲಿಂಗ್, ಹೋಸ್ ಕ್ಲಾಂಪ್ ಅಂತ ಸಣ್ಣಪುಟ್ಟ ಸಾಮಾನು ಬದಲಿಸಿದೆವು. ಇಂಡಕ್ಷನ್ ಭಟ್ಟಿಯ ಮುಚ್ಚಳ ಕೆಟ್ಟು ಮೂಲೆಗೆ ಬಿದ್ದಿತ್ತು, ಅದನ್ನು ರಿಪೇರಿ ಮಾಡಿಸಿ ಹಾಕಿದೆವು. ಹೆಸ್ಕಾಂ ಬಿಲ್ ಇಳಿಯಿತು. ಎಕ್ಸೆಲ್‌ನಲ್ಲಿ ಕರೆಂಟಿನ ಸಾಲು ಸುಲಭ, ಯೂನಿಟ್ಟನ್ನು ಸುಮಾರು 0.7ರಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್ ಎಷ್ಟು ಕೆಜಿ ಅಂತ ಬಂದುಬಿಡುತ್ತದೆ. ಆ ಅಂಕಿ ಕಳಿಸಿದೆ, ಗಿರಾಕಿಯಿಂದ ಶಹಬ್ಬಾಸ್ ಅಂತ ಮೇಲ್ ಬಂತು. ನಾನು ಸ್ವಲ್ಪ ಉಬ್ಬಿದೆ.

ಅವೆರಡು ಕೆಲಸ ಯಾಕೆ ಸಲೀಸಾಗಿ ಆದವು ಅಂತ ಆಗ ಯೋಚನೆ ಮಾಡಲಿಲ್ಲ. ಗಾಳಿ ಸೋರುವುದು ನಿಂತರೆ ಯಾರ ಜೇಬಿಗೂ ಕತ್ತರಿ ಬೀಳುವುದಿಲ್ಲ. ಅಷ್ಟೇ ಕಾರಣ. ನಾನು ಮಾತ್ರ ನನ್ನ ಭಾಷಣದಿಂದ ಆಯಿತು ಅಂದುಕೊಂಡೆ.

ಮುಂದಿನದು ಉಸುಕು. ನಮ್ಮ ನೋ-ಬೇಕ್ ಲೈನ್‌ನಲ್ಲಿ, ಅಂದರೆ ಉಸುಕಿಗೆ ರೆಸಿನ್ ಬೆರೆಸಿ ಬೇಯಿಸದೆ ಅಚ್ಚು ಗಟ್ಟಿ ಮಾಡುವ ಕಡೆ, ತಿಂಗಳಿಗೆ ಹೆಚ್ಚುಕಮ್ಮಿ 400 ಟನ್ ಉಸುಕು ಮಿಕ್ಸ್ ಆಗುತ್ತದೆ. ಅದರಲ್ಲಿ ನೂರಕ್ಕೆ 70 ಪಾಲು ರಿಕ್ಲೇಮ್ (ಬಳಸಿದ್ದನ್ನೇ ಶುದ್ಧ ಮಾಡಿದ್ದು), 30 ಪಾಲು ಹೊಸದು. ಇದನ್ನು 85-15 ಮಾಡುತ್ತೇನೆ ಅಂತ ಮೀಟಿಂಗ್‌ನಲ್ಲಿ ಹೇಳಿಬಿಟ್ಟೆ. ಬೇರೆ ಕಡೆ ಫ್ಯೂರಾನ್ ಅನ್ನುವ ರೆಸಿನ್ ಬಳಸುವ ಲೈನ್‌ಗಳು ಆ ಅಂಕಿಯಲ್ಲಿ ನಡೆಯುತ್ತವೆ, ನಮ್ಮಲ್ಲಿ ಯಾಕೆ ಆಗಬಾರದು? ಹೊಸ ಉಸುಕಿನ ದುಡ್ಡು ಉಳಿಯಿತು, ಹಿಂದಿನ ಗುಡ್ಡೆ ಬೆಳೆಯುವುದು ನಿಂತಿತು, ಎಕ್ಸೆಲ್ ಸಾಲೂ ತುಂಬಿತು. ಪ್ಲಾಂಟ್ ಹೆಡ್‌ಗೆ ಎಷ್ಟು ಹಿಡಿಸಿತು ಅಂದರೆ, ಡ್ಯಾಶ್‌ಬೋರ್ಡ್ ತೋರಿಸಲು 55 ಇಂಚಿನ ಟಿವಿ ತರಿಸಿ ಶೆಡ್‌ನ ಗೋಡೆಗೆ ಹಾಕಿಸಿದರು. ಅದೇ ತಿಂಗಳು ಮೇಂಟೆನನ್ಸಿನವರು ರಿಕ್ಲಮೇಶನ್ ಪ್ಲಾಂಟಿನಲ್ಲಿ ಧೂಳು ಹಿಡಿಯುವ ಬ್ಯಾಗ್ ಫಿಲ್ಟರ್‌ಗೆ ಹೊಸ ಬ್ಯಾಗ್ ಕೇಳಿದ್ದರು. ಪರ್ಚೇಸ್‌ನಿಂದ ಇಂಡೆಂಟ್ ಮೂರನೇ ಸಲ ವಾಪಸ್ ಬಂದಿತ್ತು. ಬಜೆಟ್ ಇಲ್ಲವಂತೆ.

ಆಗಸ್ಟ್ ಒಂದರಿಂದ ಶುರು. ಎರಡನೇ ವಾರದಲ್ಲಿ ಮಿಕ್ಸರ್ ಆಪರೇಟರ್ ನನ್ನ ಕ್ಯಾಬಿನ್ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ, ಬೂಟಿಗೆ ಮಸಿ ಇತ್ತು. "ಸರ, ಉಸುಕಿನ್ಯಾಗ ಧೂಳ ಭಾಳ ಬರಾಕತ್ತೈತ್ರಿ. ಮೌಲ್ಡ್ ಸರಿ ಸೆಟ್ ಆಗವಲ್ದು" ಅಂದ. ನಾನು ಮಂತ್ಲಿ ರಿವ್ಯೂ ಸ್ಲೈಡ್ ಮಾಡುತ್ತಿದ್ದೆ. ತಲೆ ಎತ್ತದೆ, "ಸುಮ್ನೆ ಬಾಯಿಮಾತು ಬೇಡಪ್ಪಾ, ಡೇಟಾ ತಗೊಂಡು ಬಾ" ಅಂದೆ. ಅವನು ಒಂದು ಗಳಿಗೆ ನಿಂತಿದ್ದು ಹೋದ.

ಡೇಟಾ ತಂದ. ನನಗೆ ಬೇಕಾದಂಥದ್ದೇ ತಂದ. ಆಗಸ್ಟ್ ಮೂರನೇ ವಾರದಿಂದ ಲಾಗ್ ಶೀಟ್‌ನಲ್ಲಿ ಪ್ರತಿ ಶಿಫ್ಟ್‌ಗೂ 85-15. ಗೆರೆ ಎಳೆದಂತೆ 85-15. ಬೆಳಗಾವಿ ಮಳೆ ಗೊತ್ತಲ್ಲ, ಶೆಡ್‌ನೊಳಗಿನ ಉಸುಕೂ ಹಸಿಯಾಗುವ ಕಾಲ ಅದು, ಆದರೂ 85. ಕರೆಂಟ್ ಹೋಗಿ ರಿಕ್ಲಮೇಶನ್ ಅರ್ಧ ದಿನ ನಿಂತ ದಿನವೂ 85. ಇಪ್ಪತ್ತು ವರ್ಷ ಕ್ವಾಲಿಟಿಯಲ್ಲಿ ಇರುವವನಿಗೆ ಅಲುಗಾಡದ ಅಂಕಿ ಕಂಡರೆ ಅನುಮಾನ ಬರಬೇಕು. ಬೇರೆಯವರ ಕಂಪನಿಗೆ ಆಡಿಟ್‌ಗೆ ಹೋದಾಗ ನಾನು ಮೊದಲು ಹಿಡಿಯುವುದೇ ಅದನ್ನ. ಇಲ್ಲಿ ಟಿವಿ ಮೇಲೆ ಹಸಿರು ಪಟ್ಟಿ ನೋಡಿ ಚಹಾ ಕುಡಿದು ಬರುತ್ತಿದ್ದೆ.

ನವೆಂಬರ್‌ನಲ್ಲಿ ಗಿರಾಕಿ ಕಡೆಯಿಂದ ಇಬ್ಬರು ಬಂದರು. ಒಬ್ಬರು ಹಿರಿಯರು, ಮಾತು ಜಾಸ್ತಿ. ಇನ್ನೊಬ್ಬಳು ಚಿಕ್ಕ ಹುಡುಗಿ, ಇಪ್ಪತ್ತಾರು ಇರಬಹುದು, ಮಾತೇ ಇಲ್ಲ. ಹಿರಿಯರನ್ನು ನಾನು ಹಿಡಿದುಕೊಂಡೆ, ಪೋಸ್ಟರ್, ಟಿವಿ, ಭಟ್ಟಿ ಎಲ್ಲ ತೋರಿಸಿದೆ. ಅವರು ಖುಷಿಯಾಗಿ ಫೋಟೊ ತೆಗೆದರು. ಊಟದ ನಂತರ ಆ ಹುಡುಗಿ, "ಸರ್, ಸ್ಟೋರ್ ನೋಡಬಹುದಾ?" ಅಂದಳು. ನೋಡಿ ಅಂದೆ. ಸ್ಟೋರ್‌ನಲ್ಲಿ ಏನಿದೆ ಮಣ್ಣು, ಅಂದುಕೊಂಡೆ.

ಅವಳು ಹೊಸ ಸಿಲಿಕಾ ಉಸುಕಿನ ಜಿಆರ್‌ಎನ್ (ಮಾಲು ಬಂದ ರಸೀದಿ) ಕೇಳಿದಳು, ಆಮೇಲೆ ಸ್ಟೋರ್‌ನಿಂದ ಶೆಡ್‌ಗೆ ಕೊಟ್ಟ ಲೆಕ್ಕದ ಇಶ್ಯೂ ಸ್ಲಿಪ್. ಸೆಪ್ಟೆಂಬರ್‌ದು. ಒಂದೊಂದೇ ಸ್ಲಿಪ್ ತಿರುಗಿಸಿ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಕೂಡುತ್ತಾ ಹೋದಳು. ನಾನು ಪಕ್ಕದಲ್ಲಿ ನಿಂತು ಅವಳ ಹೆಬ್ಬೆರಳು ನೋಡುತ್ತಿದ್ದೆ. 58 ಆಯಿತು, 74 ಆಯಿತು. 60 ದಾಟುತ್ತಿದ್ದಂತೆ ನನಗೆ ಗೊತ್ತಾಯಿತು, ಯಾಕೆಂದರೆ 400ರ 15 ಪರ್ಸೆಂಟ್ 60. ಕಟ್ಟು ಇನ್ನೂ ಅರ್ಧ ಉಳಿದಿತ್ತು. ಮೇಲೆ ಫ್ಯಾನ್ ಕಟಕಟ ಅನ್ನುತ್ತಿತ್ತು, ಆ ಸಪ್ಪಳ ಈಗಲೂ ಕಿವಿಯಲ್ಲಿದೆ. ಕೊನೆಗೆ 121ಕ್ಕೆ ನಿಂತಿತು.

"ಸರ್, ನಿಮ್ಮ ಶೀಟ್‌ನಲ್ಲಿ 60 ಇದೆ" ಅಂದಳು. ಗಟ್ಟಿಯಾಗಿ ಕೂಡ ಹೇಳಲಿಲ್ಲ.

ಆಗ ನಾನು ಮಾಡಿದ್ದು ನೆನೆದರೆ ಇವತ್ತಿಗೂ ನಾಚಿಕೆ. "ಗ್ರೀನ್ ಸ್ಯಾಂಡ್ ಲೈನ್‌ಗೂ ಇದರಿಂದಲೇ ಹೋಗುತ್ತೆ ಮೇಡಂ" ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ತಾನಾಗಿ ಬಂತು. ಅವಳು ಸ್ಲಿಪ್ ನನ್ನ ಕಡೆ ತಿರುಗಿಸಿ ವಿಭಾಗದ ಕಾಲಂ ಮೇಲೆ ಬೆರಳಿಟ್ಟಳು. ನೋ-ಬೇಕ್. ಎಲ್ಲದರ ಮೇಲೂ ನೋ-ಬೇಕ್. ಇಷ್ಟು ಸಾಲದು ಅಂತ ನಮ್ಮ ಸ್ಟೋರ್ ಕೀಪರ್, ಮೇಡಂಗೆ ಸಹಾಯ ಆಗಲಿ ಅಂತ ಪಾಪ ಮುಂದೆ ಬಂದು, "ಅಕ್ಟೋಬರ್‌ನಾಗ ಇನ್ನೂ ಜಾಸ್ತಿ ಹೋಗೈತ್ರಿ ಮೇಡಂ, ತೋರಸ್ಲೇನ್ರಿ?" ಅಂದ.

400ಕ್ಕೆ 121 ಅಂದರೆ 30 ಪರ್ಸೆಂಟ್. ನಾವು ಹೊರಟಿದ್ದೇ ಅಲ್ಲಿಂದ. ಮೂರು ತಿಂಗಳ ಪೋಸ್ಟರ್, ಮೀಟಿಂಗ್, ಟಿವಿ ಎಲ್ಲ ಆಗಿ ಉಸುಕು ಇದ್ದಲ್ಲೇ ಇತ್ತು. ಸುಳ್ಳು ಅಂಕಿಯನ್ನು ಮಾತ್ರ ನಾನು ಸಹಿ ಹಾಕಿ ಗಿರಾಕಿಗೆ ಕಳಿಸಿಯಾಗಿತ್ತು, ಅವರು ತಮ್ಮ ಲೆಕ್ಕಕ್ಕೆ ಸೇರಿಸಿಯೂ ಆಗಿತ್ತು. ಮೇಜರ್ ಎನ್‌ಸಿ, ಅಂದರೆ ಆಡಿಟ್‌ನಲ್ಲಿ ದೊಡ್ಡ ತಪ್ಪು ಅಂತ ಬರೆದರು. ಹೋಗುವಾಗ ಕೊಟ್ಟ ಕುಂದಾ ಡಬ್ಬಿಯನ್ನೂ ಅವಳು ತೆಗೆದುಕೊಳ್ಳಲಿಲ್ಲ, ಕಂಪನಿ ಪಾಲಿಸಿ ಅಂದಳು. ಡಬ್ಬಿ ಕಾನ್ಫರೆನ್ಸ್ ಟೇಬಲ್ ಮೇಲೆ ಎರಡು ದಿನ ಹಾಗೇ ಇತ್ತು.

ಅವರ ಕಾರು ಗೇಟು ದಾಟಿತೋ ಇಲ್ಲವೋ, ನಾನು ಶೆಡ್‌ಗೆ ನುಗ್ಗಿ ಮಿಕ್ಸರ್ ಆಪರೇಟರ್‌ನನ್ನು ಹತ್ತು ಜನರ ಮುಂದೆ ಬೈದೆ. ಮಾನ ಮರ್ಯಾದೆ ಇದೆಯಾ, ಊಟಕ್ಕೆ ಏನು ತಿಂತೀಯ ಅನ್ನುವವರೆಗೂ ಹೋಯಿತು. ಅವನು ತಲೆ ತಗ್ಗಿಸಿ ನಿಂತಿದ್ದ, ತಿರುಗಿ ಒಂದು ಮಾತು ಆಡಲಿಲ್ಲ. ಕೊನೆಗೆ ಮೌಲ್ಡಿಂಗ್‌ನ ಹಿರಿಯ ಕಾಕಾ ನನ್ನ ತೋಳು ಹಿಡಿದು, "ಬರ್ರಿ ಸಾಹೇಬ್ರ, ಚಹಾ ಕುಡ್ಯೂಣು" ಅಂತ ಗೇಟಿನ ಹೊರಗಿನ ಗಾಡಿಗೆ ಕರೆದುಕೊಂಡು ಹೋದರು.

ಅರ್ಧ ಚಹಾ ಆದ ಮೇಲೆ ಕೇಳಿದರು. "ಇನ್ಸೆಂಟಿವ್ ಶೀಟ್ ನೋಡೀರೇನ್ರಿ?"

ನೋಡಿರಲಿಲ್ಲ. ಅದು ಎಚ್‌ಆರ್ ವಿಷಯ ಅಂತ ಬಿಟ್ಟಿದ್ದೆ. ನಮ್ಮಲ್ಲಿ ಶಿಫ್ಟ್‌ನ ರಿಜೆಕ್ಷನ್ 4 ಪರ್ಸೆಂಟ್ ದಾಟಿದರೆ ಆ ಶಿಫ್ಟ್‌ನ ಇನ್ಸೆಂಟಿವ್ ಪೂರ್ತಿ ಹೋಗುತ್ತದೆ. ಆಗಸ್ಟ್‌ನ ಮೊದಲ ಎರಡು ವಾರ ಹುಡುಗರು ನಾನು ಹೇಳಿದಂತೆ ನಿಜವಾಗಿಯೂ 85 ಹಾಕಿದ್ದರು. ಬ್ಯಾಗ್ ಫಿಲ್ಟರ್ ಕಟ್ಟಿಕೊಂಡಿತ್ತು, ಧೂಳು ಹೊರಗೆ ಹೋಗದೆ ಉಸುಕಿನಲ್ಲೇ ಸುತ್ತುತ್ತಿತ್ತು, ಅದಕ್ಕೆ ರೆಸಿನ್ ಜಾಸ್ತಿ ಹಾಕಬೇಕಾಯಿತು, ಎಲ್‌ಓಐ (ಉಸುಕಿನಲ್ಲಿ ಸುಟ್ಟು ಹೋಗುವ ಅಂಶದ ಪರ್ಸೆಂಟ್) ಏರಿತು, ಕಾಸ್ಟಿಂಗ್‌ಗಳ ಫ್ಲ್ಯಾಂಜ್ ಮುಖದ ಮೇಲೆ ಬ್ಲೋಹೋಲ್ (ಗ್ಯಾಸಿನ ತೂತು) ಬಂದವು. ಎರಡು ವಾರದ ಇನ್ಸೆಂಟಿವ್ ಹೋಯಿತು, ಅದೂ ಗಣೇಶ ಹಬ್ಬ ಎದುರಿಗೆ ಇಟ್ಟುಕೊಂಡು. ಓಣಿ ಮಂಡಳದ ಪಟ್ಟಿ, ಮಕ್ಕಳ ಅಂಗಿ, ಅಷ್ಟರಲ್ಲಿ ಗುತ್ತಿಗೆಯವರ ಕೈಗೆ ಬರಿ ಪಗಾರ. ಮೂರನೇ ವಾರದಿಂದ ಮತ್ತೆ 70-30ಕ್ಕೆ ಬಂದರು, ಶೀಟ್‌ನಲ್ಲಿ 85 ಬರೆದರು. "ಅವ ನಿಮ್ಮ ಹಂತ್ಯಾಕ ಬಂದಿದ್ದನಲ್ರಿ ಹೇಳಾಕ" ಅಂದರು ಕಾಕಾ.

ಮೇಲೆ ಹೋಗಿ ಲ್ಯಾಬ್ ಫೈಲ್ ತೆಗೆದೆ. ಆಗಸ್ಟ್ ಎರಡನೇ ವಾರದ ಎಲ್‌ಓಐ 3.8. ನಮ್ಮ ಲಿಮಿಟ್ 3. ಕೆಳಗೆ ನನ್ನದೇ ಸಹಿ. ದಿನಕ್ಕೆ ಮೂವತ್ತು ಕಾಗದಕ್ಕೆ ಸಹಿ ಹಾಕುವವನು ಯಾವುದನ್ನು ಓದುತ್ತಾನೆ ಹೇಳಿ. ಇದನ್ನ ನೆಪ ಅಂತ ಬೇಕಾದರೂ ಕರೆಯಿರಿ.

ಆಮೇಲಿನದು ಬೇಗ ಹೇಳುತ್ತೇನೆ. ಸ್ಲಿಪ್‌ನ ವಿಭಾಗದ ಕಾಲಂ ತಿದ್ದಿಬಿಡಿ ಅನ್ನುವ ಸಲಹೆ ಮೇಲಿನಿಂದ ಬಂತು, ಯಾರಿಂದ ಅಂತ ಕೇಳಬೇಡಿ. ಒಂದು ರಾತ್ರಿ ನಾನೂ ಅದನ್ನು ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಎದ್ದು ಮೂರೂ ತಿಂಗಳ ಸರಿಯಾದ ಅಂಕಿ ಕಳಿಸಿದೆ. ಸ್ಕೋರ್ ಇಳಿಸಿದರು, ಆರ್ಡರ್ ಬಿಡಲಿಲ್ಲ. ಬ್ಯಾಗ್ ಫಿಲ್ಟರ್‌ಗೆ ಎನ್‌ಸಿ ಬಂದ ಮೇಲೆ ಬಜೆಟ್ ಹುಟ್ಟಿತು, ಟಿವಿಗಿಂತ ಕಮ್ಮಿ ದುಡ್ಡಿನಲ್ಲಿ ಮುಗಿಯಿತು. ಟ್ರಯಲ್ ಶಿಫ್ಟ್‌ನ ರಿಜೆಕ್ಷನ್ನನ್ನು ಇನ್ಸೆಂಟಿವ್ ಲೆಕ್ಕಕ್ಕೆ ಹಿಡಿಯಬಾರದು ಅನ್ನುವ ಒಂದು ಸಾಲಿಗೆ ಮಾತ್ರ ಆರು ವಾರ ಅಲೆದೆ. ಎಚ್‌ಆರ್‌ನಿಂದ ಅಕೌಂಟ್ಸ್, ಅಕೌಂಟ್ಸ್‌ನಿಂದ ಪ್ಲಾಂಟ್ ಹೆಡ್, ಮತ್ತೆ ಎಚ್‌ಆರ್. ಭೂಮಿ ಉಳಿಸೋಣ ಅಂದಾಗ ಎರಡು ನಿಮಿಷದಲ್ಲಿ ಹೂಂ ಅಂದವರು ಇವರೇ. ಈಗ ಯಾರಾದರೂ ನನ್ನ ಬಳಿ ಹಸಿರು ಯೋಜನೆ ಅಂತ ಬಂದರೆ ನಾನು ಮೊದಲು ಪಗಾರದ ಶೀಟ್ ತರಿಸುತ್ತೇನೆ, ಪೋಸ್ಟರ್ ಆಮೇಲೆ.

ಆಪರೇಟರ್‌ಗೆ ಹತ್ತು ಜನರ ಮುಂದೆಯೇ ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ ಸರ" ಅಂದ. ಆದರೆ ಮೊದಲಿನಂತೆ ಕ್ಯಾಬಿನ್ ಬಾಗಿಲಿಗೆ ಬರುವುದಿಲ್ಲ. ನಾನೇ ಮಿಕ್ಸರ್ ಹತ್ತಿರ ಹೋಗುತ್ತೇನೆ. ಈಗ ಲಾಗ್ ಶೀಟ್‌ನಲ್ಲಿ ಅಂಕಿ ಕುಣಿಯುತ್ತವೆ. 78, 76, ಒಂದು ದಿನ 64, ಪಕ್ಕದಲ್ಲಿ "ಉಸುಕು ಹಸಿ" ಅಂತ ಮಸಿ ಕೈಯ ಗುರುತಿನ ಸಮೇತ. 78ರ ಮೇಲೆ ಹೋಗಲು ಆಗಿಲ್ಲ. ಟಿವಿಯನ್ನು ಕ್ಯಾಂಟೀನ್‌ಗೆ ಸಾಗಿಸಿದ್ದಾರೆ, ಮ್ಯಾಚ್ ಇದ್ದಾಗ ಚೆನ್ನಾಗಿ ಕಾಣುತ್ತದೆ.

ಈ ವರ್ಷದ ಎಕ್ಸೆಲ್ ಹೋದ ವಾರ ಬಂತು. ಸಾಲು ಇನ್ನೂ ಹೆಚ್ಚಾಗಿವೆ. ತುಂಬುತ್ತಾ ಹೋದಾಗ ನಡುವೆ ಒಂದು ಕಡೆ ಕೈ ನಿಂತಿತು. ಪಿಎಫ್, ಗ್ರಾಚುಟಿ, ಇಎಸ್‌ಐ: ಎಷ್ಟು ಕೆಲಸಗಾರರಿಗೆ ಇದೆ, ಪರ್ಸೆಂಟ್‌ನಲ್ಲಿ ಬರೆಯಿರಿ. ಹಳೆಯ ಎಕ್ಸೆಲ್ ತೆಗೆದು ನೋಡಿದೆ. ಆ ಸಾಲು ಮೊದಲಿನಿಂದಲೂ ಇತ್ತು, ನಾನು ನೂರು ಅಂತ ಬರೆದು ಮುಂದೆ ಹೋಗಿದ್ದೆ. ಗುತ್ತಿಗೆದಾರನಿಗೆ ಫೋನ್ ಹಚ್ಚಿದೆ. ಎಷ್ಟು ಜನರದು ಬಾಕಿ ಇದೆ ಅಂತ ಕೇಳಿದರೆ, ನೋಡಿ ಹೇಳ್ತೀನ್ರಿ ಅಂದ. ಸೋಮವಾರ ಪಟ್ಟಿ ತರುತ್ತಾನಂತೆ.