ಹಿಂದಿನಂತೆ ಫ್ರೆಡರಿಕ್

ಮೂರು ವಾರದಿಂದ ಒಂದೇ ಪುಟದಲ್ಲಿ ಸಿಕ್ಕಿಬಿದ್ದಿದ್ದೆ. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಸ್ ಬರೆದ ಮೂರು ಆತ್ಮಕಥೆಗಳಲ್ಲಿ ಕೊನೆಯದರ ಪುಟ ಅದು. ಮೊದಲನೆಯದು 1845ರಲ್ಲಿ ಬಂತು, ಎರಡನೆಯದು 1855ರಲ್ಲಿ, ಇದು 1881ರಲ್ಲಿ. ಮೂರರಿಂದಲೂ ನನಗೆ ಹಿಡಿಸಿದ ಭಾಗಗಳನ್ನು ಆರಿಸಿ ಕನ್ನಡಕ್ಕೆ ತರುತ್ತಿದ್ದೇನೆ. ಯಾವ ಪ್ರಕಾಶಕರೂ ಕೇಳಿಲ್ಲ, ಗಡುವೂ ಇಲ್ಲ. ತೊಡಕುಗಳು ಮಾತ್ರ ಧಾರಾಳವಾಗಿವೆ. ತೋಟದ ಆಳುಗಳ ಬೆನ್ನ ಮೇಲೆ ಚಾವಟಿ ಬೀಸುವ ಓವರ್ಸಿಯರನಿಗೆ ಮೊದಲು ‘ಮೇಲ್ವಿಚಾರಕ’ ಎಂದು ಬರೆದಿದ್ದೆ. ಓದಿದರೆ ಹಾಸ್ಟೆಲಿನ ವಾರ್ಡನ್ ಕಣ್ಣ ಮುಂದೆ ಬಂದರು. ‘ಮೇಸ್ತ್ರಿ’ ಎಂದು ಮಾಡಿದ ಮೇಲೆ ಚಾವಟಿಗೆ ಕೈ ಬಂತು. ಇಂಥವು ಹೇಗೋ ಬಗೆಹರಿಯುತ್ತವೆ. ಈ ಪುಟದ ತೊಡಕು ಬೇರೆ ತರಹದ್ದು.

1877ನೇ ಇಸವಿ. ಮೇರಿಲ್ಯಾಂಡಿನ ಸೇಂಟ್ ಮೈಕಲ್ಸ್ ಎಂಬ ಊರಿನಲ್ಲಿ ಥಾಮಸ್ ಆಲ್ಡ್ ಎಂಬ ಮುದುಕ ಹಾಸಿಗೆ ಹಿಡಿದು ಮಲಗಿದ್ದಾನೆ. ಒಂದು ಕಾಲಕ್ಕೆ ಡಗ್ಲಸ್ ಇವನ ಸ್ವತ್ತು. ಹುಡುಗನನ್ನು ಹೊಟ್ಟೆಗಿಲ್ಲದೆ ಇಟ್ಟವನು, ಸೊಕ್ಕು ಮುರಿಯಲೆಂದು ಎಡ್ವರ್ಡ್ ಕೋವಿ ಎಂಬ ಕ್ರೂರಿಯ ಕೈಗೆ ಒಂದು ವರ್ಷ ಒಪ್ಪಿಸಿದವನು. ಡಗ್ಲಸ್ 1838ರಲ್ಲಿ ನಾವಿಕನ ವೇಷ ಹಾಕಿ, ಎರವಲು ಕಾಗದಪತ್ರ ಹಿಡಿದು, ರೈಲು ಹತ್ತಿ ತಪ್ಪಿಸಿಕೊಂಡರು. ಆಮೇಲೆ ಪುಸ್ತಕದಲ್ಲಿ ಆಲ್ಡನ ಹೆಸರು ಹಿಡಿದೇ ಬರೆದು ಜಗತ್ತಿಗೆ ಸಾರಿದರು. ಈಗ ಅದೇ ಡಗ್ಲಸ್ ವಾಷಿಂಗ್ಟನ್ನಿನ ಮಾರ್ಷಲ್, ಸರ್ಕಾರದ ದೊಡ್ಡ ಅಧಿಕಾರಿ. ಮುದುಕ ಹೇಳಿಕಳುಹಿಸಿದ್ದಾನೆ, ಇವರು ಹೋಗಿದ್ದಾರೆ. ಒಳಗೆ ಕಾಲಿಡುತ್ತಲೇ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಅವನು “ಮಾರ್ಷಲ್ ಡಗ್ಲಸ್” ಎನ್ನುತ್ತಾನೆ, ಇವರು ಮೊದಲಿನ ರೂಢಿಯಂತೆ “ಕ್ಯಾಪ್ಟನ್ ಆಲ್ಡ್” ಎನ್ನುತ್ತಾರೆ. ಮರುಕ್ಷಣವೇ ಡಗ್ಲಸ್ ತಡೆದು, “ಮಾರ್ಷಲ್ ಅಲ್ಲ, ನಿಮಗೆ ನಾನು ಹಿಂದಿನಂತೆ ಫ್ರೆಡರಿಕ್” ಎನ್ನುತ್ತಾರೆ. ಕೈ ಕುಲುಕುತ್ತಾರೆ. ಪಾರ್ಶ್ವವಾಯು ಬಡಿದ ಮುದುಕನ ಕಣ್ಣಲ್ಲಿ ನೀರು.

ಇಂಗ್ಲಿಷಿನಲ್ಲಿ ‘ಯು’ ಒಂದೇ; ಬರೆದವರಿಗೆ ಚಿಂತೆಯಿಲ್ಲ. ಕನ್ನಡದಲ್ಲಿ ಆಲ್ಡ್ ಮುಂದಿನ ಮಾತನ್ನು ‘ನೀನು’ ಎಂದು ಆಡಿದರೆ ಮತ್ತೆ ಒಡೆಯನಾಗಿಬಿಡುತ್ತಾನೆ. ‘ನೀವು’ ಎಂದರೆ ಡಗ್ಲಸ್ ಹೇಳಿದ ‘ಹಿಂದಿನಂತೆ’ ನೀರಲ್ಲಿ ಹೋಮ. ಮೇಲಿನ ಪ್ಯಾರಾದಲ್ಲೇ ನೋಡಿ: ಆಲ್ಡನಿಗೆ ಏಕವಚನ, ಡಗ್ಲಸ್ಸರಿಗೆ ಬಹುವಚನ. ನನ್ನ ಪಕ್ಷ ಯಾವುದೆಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಡಗ್ಲಸ್ ಹಾಗೆ ಬರೆದಿರಲಾರರು.

ಆ ಶನಿವಾರ ಪುಟವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಅಮ್ಮನನ್ನು ಕರೆದುಕೊಂಡು ವಾಷಿಂಗ್ಟನ್ನಿನ ಅನಾಕೋಸ್ಟಿಯಾ ಬಡಾವಣೆಗೆ ಹೊರಟೆ. ತುರುವೇಕೆರೆಯ ಕಡೆಯಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಗುಡ್ಡದ ಮೇಲಿರುವ ಸೀಡರ್ ಹಿಲ್ ಡಗ್ಲಸ್ ಕೊನೆಯ ಹದಿನೇಳು ವರ್ಷ ಬಾಳಿದ ಮನೆ. ಈಗ ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ. ಕೆಳಗಿನಿಂದ ಮೆಟ್ಟಿಲುಗಳು ಕಂಡದ್ದೇ ಅಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡಳು. ಮೂರು ಕಡೆ ನಿಂತು ಹತ್ತಿದಳು. ಮೇಲೆ ಜಗಲಿಯ ಕಂಬಗಳ ಹತ್ತಿರ ನಿಂತರೆ ನದಿಯಾಚೆ ಊರಿಗೆ ಊರೇ, ನಡುವೆ ಸಂಸತ್ತಿನ ಬಿಳಿ ಗುಮ್ಮಟ.

ಮನೆಯನ್ನು ಅವರು 6,700 ಡಾಲರಿಗೆ ಕೊಂಡದ್ದು, ಆಲ್ಡನನ್ನು ನೋಡಲು ಹೋದ ಅದೇ 1877ರಲ್ಲಿ. ಮೊದಲಿನ ಮಾಲೀಕ ಈ ಬಡಾವಣೆ ಮಾಡಿದಾಗ ಕರಿಯರಿಗೂ ಐರಿಷರಿಗೂ ನಿವೇಶನ ಮಾರಬಾರದೆಂದು ಷರತ್ತು ಹಾಕಿದ್ದ. ಷರತ್ತು ಹಾಕಿದವನ ಸ್ವಂತ ಮನೆಯೇ ಡಗ್ಲಸ್ ಕೈಗೆ ಬಂತು. ಅಮ್ಮ ಅದಕ್ಕೆ ಗಟ್ಟಿಯಾಗಿ ನಕ್ಕಳು. ಮನೆ ತೋರಿಸುತ್ತಿದ್ದ ರೇಂಜರ್ ತಿರುಗಿ ನೋಡಿ ತಾವೂ ನಕ್ಕರು.

ಒಳಗೆ ಪಿಟೀಲು, ಗೋಡೆಯುದ್ದಕ್ಕೂ ಪುಸ್ತಕ, ಬರೆಯುವ ಮೇಜು. ಮಹಡಿಯ ಮಲಗುವ ಕೋಣೆಯಲ್ಲಿ ಕಬ್ಬಿಣದ ಡಂಬೆಲ್ಲುಗಳು. 1895ರ ಫೆಬ್ರವರಿ 20ರಂದು ಮಹಿಳೆಯರ ಹಕ್ಕಿನ ಸಭೆಯೊಂದನ್ನು ಮುಗಿಸಿ ಬಂದವರು ಈ ಮನೆಯ ಹಜಾರದಲ್ಲೇ ಕುಸಿದುಬಿದ್ದರಂತೆ. ನಾನು ಮೇಜಿನಿಂದ ಕಣ್ಣು ಕೀಳಲಾರದೆ ನಿಂತಿದ್ದೆ. ಅಮ್ಮನ ಗಮನ ಮಾತ್ರ ಆನಾ ಮರೇ ಅವರ ಚಿತ್ರದ ಮೇಲೆ.

ಆನಾ ಡಗ್ಲಸ್ಸರ ಮೊದಲ ಹೆಂಡತಿ. ಗುಲಾಮರಲ್ಲದ ಸ್ವತಂತ್ರ ಹೆಂಗಸು. ಬಾಲ್ಟಿಮೋರಿನಲ್ಲಿ ಮನೆಗೆಲಸ ಮಾಡಿ ಕೂಡಿಟ್ಟ ಹಣದಿಂದ ಅವರು ಪಾರಾಗಲು ನೆರವಾದವರು. ಗಂಡ ಬ್ರಿಟನ್ನಿನಲ್ಲಿ ಭಾಷಣ ಮಾಡುತ್ತಿದ್ದಾಗ ಲಿನ್ ಎಂಬ ಊರಿನಲ್ಲಿ ಬೂಟು ಹೊಲಿದು ಮಕ್ಕಳನ್ನು ಸಾಕಿದರು. ಆಕೆಗೆ ಓದು ಬರಹ ಬರುತ್ತಿರಲಿಲ್ಲ ಎಂದು ನಾನು ಹೇಳಿದೊಡನೆ ಅಮ್ಮನ ಮುಖ ಬಿಗಿಯಿತು.

“ಮನೆಯಲ್ಲೇ ಅಷ್ಟು ದೊಡ್ಡ ಮೇಷ್ಟ್ರು ಇದ್ದೂ?”

ಬೀದಿ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಂಡ ಕಥೆ, ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತು ಹಾಕುತ್ತಿದ್ದ ಅಕ್ಷರಗಳನ್ನು ನೋಡಿ ಬರೆಯಲು ಕಲಿತ ಕಥೆ, ಇವನ್ನೆಲ್ಲ ಹಿಂದಿನ ದಿನ ಅಮ್ಮನಿಗೆ ನಾನೇ ಹೇಳಿದ್ದೆ. ಆಗ ಮೆಚ್ಚಿಕೊಂಡವಳು ಈಗ ಲೆಕ್ಕ ಕೇಳುತ್ತಿದ್ದಳು. ಮನೆಗೆ ಪಾಠ ಹೇಳುವವರನ್ನು ಕರೆಸಿದ್ದರಂತೆ, ಹತ್ತಲಿಲ್ಲವಂತೆ ಎಂದೆ. ಅಮ್ಮ ಒಪ್ಪಲಿಲ್ಲ. ನನಗೂ ಒಂದು ದೂರಿದೆ: ಮೂರು ಪುಸ್ತಕ ಬರೆದ ಮನುಷ್ಯ ನಲವತ್ತನಾಲ್ಕು ವರ್ಷ ಜೊತೆಗಿದ್ದ ಹೆಂಡತಿಗೆ ಕೊಟ್ಟಿರುವ ಜಾಗ ತೀರ ಕಡಿಮೆ.

ಮನೆಯ ಹಿಂದೆ ಕಲ್ಲಿನ ಒಂಟಿ ಕೋಣೆಯೊಂದಿದೆ. ಒಬ್ಬರೇ ಕೂತು ಓದಿ ಬರೆಯುವ ಈ ಗೂಡಿಗೆ ಡಗ್ಲಸ್ ‘ಗ್ರೌಲರಿ’ ಎಂದು ಹೆಸರಿಟ್ಟಿದ್ದರು, ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನಿಂದ ಎರವಲು ತಂದ ಪದ. ಈಗಿರುವುದು ಮತ್ತೆ ಕಟ್ಟಿದ್ದು. ಕನ್ನಡದಲ್ಲಿ ಏನೆನ್ನುತ್ತೀ ಎಂದಳು ಅಮ್ಮ. ಗುರುಗುಟ್ಟುವ ಕೋಣೆ ಎಂದೆ. “ನಿಮ್ಮಪ್ಪನಿಗೆ ಅದು ಇಡೀ ಮನೆಯೇ ಆಗಿತ್ತು” ಎಂದಳು.

ಅದರಾಚೆ ನೆರಳಿನಲ್ಲಿ ಕೂತು ಪುಟ ತೆಗೆದೆ. ಓದಿ ಹೇಳಿ ನನ್ನ ಸಂಕಟ ತೋಡಿಕೊಂಡೆ. 1848ರಲ್ಲಿ ಡಗ್ಲಸ್ ತಮ್ಮ ಪತ್ರಿಕೆ ‘ನಾರ್ತ್ ಸ್ಟಾರ್’ನಲ್ಲಿ ಇದೇ ಆಲ್ಡನಿಗೆ ಬಹಿರಂಗ ಪತ್ರ ಬರೆದಿದ್ದರು. ಅದನ್ನು ‘ನೀನು’ ಎಂದೇ ಅನುವಾದಿಸಿದ್ದೆ, ಖುಷಿಯಿಂದ. ಕೊನೆಗೆ ಬಂದರೆ, ನನ್ನ ಸೂರಿನಡಿ ಇರುವಷ್ಟು ಸುರಕ್ಷಿತವಾಗಿ ನೀವು ಬೇರೆಲ್ಲೂ ಇರಲಾರಿರಿ ಎಂಬ ಮಾತು, ನಾನು ನಿಮ್ಮಂತೆಯೇ ಮನುಷ್ಯ, ನಿಮ್ಮ ಗುಲಾಮನಲ್ಲ ಎಂಬ ಸಹಿ. ನನ್ನ ‘ನೀನು’ ಅಲ್ಲಿ ಬರೀ ಒರಟಾಗಿ ಕೇಳಿಸಿತು. ಮೊದಲಿನಿಂದ ತಿದ್ದಿದೆ.

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ, ಸಂಬಂಧವೇ ಇಲ್ಲವೆಂಬಂತೆ, ಅಜ್ಜನ ಮನೆಯಲ್ಲಿ ಜೀತಕ್ಕಿದ್ದ ಆಳಿನ ಮಾತು ತೆಗೆದಳು. ನಾನು ಅದನ್ನು ಮೊದಲ ಸಲ ಕೇಳಿದ್ದು. ಅಜ್ಜನಿಗಿಂತ ವಯಸ್ಸಿನಲ್ಲಿ ದೊಡ್ಡವನು. ಐದು ವರ್ಷದ ಅಮ್ಮನೂ ಅವನನ್ನು “ಬಾರೋ, ಹೋಗೋ” ಎನ್ನುತ್ತಿದ್ದಳಂತೆ. “ಹಾಗೆ ಕರೆಯಬಾರದು ಎಂದು ಯಾರೂ ಹೇಳಲಿಲ್ಲ” ಎಂದಳು. ಡಗ್ಲಸ್ ಬೆಳೆದ ತೋಟದಲ್ಲಿ ಗುಲಾಮರ ಮಕ್ಕಳು ಕಮ್ಮಾರನನ್ನೂ ಚಮ್ಮಾರನನ್ನೂ ‘ಅಂಕಲ್’ ಎಂದೇ ಕರೆಯಬೇಕಿತ್ತು. ಅದು ಹಿರಿಯರಿಗೆ ಸಲ್ಲುವ ಮರ್ಯಾದೆ ಎಂದು ಅವರು ಬರೆದಿದ್ದಾರೆ. ಇದನ್ನು ಹೇಳಿದೆ. “ಅವರ ಮಕ್ಕಳು ಹಾಗೇ ಕರೆಯುತ್ತಿದ್ದರೇನೋ, ನಾವು ಕೇಳಿಸಿಕೊಂಡದ್ದಿಲ್ಲ” ಎಂದಳು ಅಮ್ಮ. ಮೇಷ್ಟರ ಅಭ್ಯಾಸ, ಕೂಡಲೇ ತಿದ್ದಿದಳೂ ಕೂಡ: ಜೀತ ಬೇರೆ, ಇದು ಬೇರೆ, ಎರಡನ್ನೂ ಕಲೆಸಬೇಡ. ನಿಜ. ಇಲ್ಲಿ ಮನುಷ್ಯನನ್ನೇ ಸಂತೆಯಲ್ಲಿ ಮಾರುತ್ತಿದ್ದರು, ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಗುಲಾಮ. ಅಲ್ಲಿ ಇದ್ದದ್ದು ತೀರದ ಸಾಲ.

1976ರಲ್ಲಿ ಜೀತ ರದ್ದು ಮಾಡುವ ಕಾನೂನು ಬಂದ ಮೇಲೆ ಅವರು ಬಿಟ್ಟು ಹೋದರು. ಕೆಲವು ವರ್ಷಗಳ ನಂತರ ಮಾವನ ಮದುವೆಗೆ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸರ್ಕಾರಿ ನೌಕರಿಯಲ್ಲಿದ್ದ ಮಗನ ಜೊತೆ. (ಅಮ್ಮ ಇಲ್ಲಿಗೆ ಬರುವಾಗ ‘ಅವನು’ ಬಿಟ್ಟು ‘ಅವರು’ ಎಂದಳು. ಬೇಕೆಂದೇ ಮಾಡಿದಳೋ ಇಲ್ಲವೋ.) ಚಪ್ಪರದ ಬಾಗಿಲಲ್ಲಿ ಅಜ್ಜಿ ಎದುರಾದಳು. ಏಕವಚನ ನಾಲಿಗೆಗೆ ಬರಲಿಲ್ಲ, ಬಹುವಚನ ಅಭ್ಯಾಸವಿರಲಿಲ್ಲ.

“ಅಜ್ಜಿ ಏನಂದಳು ಗೊತ್ತಾ? ‘ಬಂದದ್ದು ಯಾವಾಗ? ಊಟ ಆಯಿತೇ?’ ಅಷ್ಟೇ. ಸಾಯಂಕಾಲದ ತನಕ ಹಾಗೇ ನಡೆಸಿದಳು.”

ಕಾಫಿಯನ್ನು ಅವತ್ತು ಮನೆಯ ಲೋಟದಲ್ಲೇ ಕೊಟ್ಟಳಂತೆ. ಆಮೇಲೆ ಆ ಲೋಟ ಏನಾಯಿತು ಎಂದು ಕೇಳಿದೆ. “ತೊಳೆದು ಕೊಟ್ಟಿಗೆಯ ಗೂಡಿನಲ್ಲಿಟ್ಟರು” ಎಂದಳು ಅಮ್ಮ.

ಕೆಳಗಿಳಿಯುವಾಗ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಆ ರಾತ್ರಿ ಪುಟ ಮುಗಿಯಿತು. ತಾನು ಓಡಿಹೋದದ್ದರ ಬಗ್ಗೆ ಏನನ್ನಿಸುತ್ತದೆ ಎಂದು ಡಗ್ಲಸ್ ಕೇಳಿದಾಗ ನನ್ನ ಆಲ್ಡ್ ಹೀಗೆ ಹೇಳುತ್ತಾನೆ: “ಫ್ರೆಡರಿಕ್, ಅದು ಗುಲಾಮಗಿರಿಗೆ ಬಗ್ಗುವ ಬುದ್ಧಿಯಲ್ಲವೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.” ನೀನೂ ಇಲ್ಲ, ನೀವೂ ಇಲ್ಲ. ಅಜ್ಜಿಯ ಉಪಾಯ. ಡಗ್ಲಸ್ ಕೊಡುವ ಉತ್ತರಕ್ಕೆ ಆ ಉಪಾಯ ನಡೆಯುವುದಿಲ್ಲ. ಎದುರಿಗಿರುವವನನ್ನು ನೇರವಾಗಿ ನೋಡದೆ ಆ ಮಾತು ಆಡಲಾಗುವುದಿಲ್ಲ. “ನಾನು ಓಡಿಹೋದದ್ದು ನಿಮ್ಮಿಂದಲ್ಲ, ಗುಲಾಮಗಿರಿಯಿಂದ” ಎಂದು ಬರೆದೆ. ಆ ಭೇಟಿ ನಡೆದದ್ದು ಇಪ್ಪತ್ತೇ ನಿಮಿಷ. ಇಬ್ಬರೂ ಮತ್ತೆ ಮುಖ ನೋಡಲಿಲ್ಲ.

ಇಡೀ ಪುಟದಲ್ಲಿ ಆಲ್ಡನಿಗೆ ಬಹುವಚನ ಹಾಕಿ, ಅಮ್ಮನ ಹಾಸಿಗೆಯ ಪಕ್ಕದಲ್ಲಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಎರಡು ಒತ್ತಕ್ಷರಗಳನ್ನು ತಿದ್ದಿದ್ದಳು. ‘ಆಲ್ಡ್ ಅತ್ತರು’ ಎಂಬಲ್ಲಿ ‘ಅತ್ತರು’ವಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಳು. ತಿದ್ದಿರಲಿಲ್ಲ.