ಬಾಲ ನೋಡಿ ಅಡ್ವರ್ಬ್ ಹಿಡಿಯಲು ಹೋದ ಕತೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ನಾನು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ ಮಾತಾಡುವ ಮಕ್ಕಳೆಲ್ಲ ನನ್ನ ತರಗತಿಯಲ್ಲಿದ್ದಾರೆ. ಕೆಲವರಿಗಂತೂ ಇಂಗ್ಲಿಷ್ ನಾಲ್ಕನೇ ಭಾಷೆ. ಹಾಗಾಗಿ ಶುರುವಿನಲ್ಲಿ ಎಲ್ಲದಕ್ಕೂ ಸುಲಭದ ದಾರಿ ಹುಡುಕುತ್ತಿದ್ದೆ.

ಅಡ್ವರ್ಬಿಗೆ, ಅಂದರೆ ಕೆಲಸ ಹೇಗೆ, ಎಲ್ಲಿ, ಯಾವಾಗ ಎಂದು ಹೇಳುವ ಪದಕ್ಕೆ, ಸಿಕ್ಕಿದ ದಾರಿ ಇದು: ಪದದ ಕೊನೆಯಲ್ಲಿ 'ಎಲ್‌ವೈ' ಕಂಡರೆ ಗೆರೆ ಹಾಕಿ. ಸ್ಲೋಲಿ, ಲೌಡ್ಲಿ, ಕ್ವಿಕ್ಲಿ. ಒಂದು ವಾರ ಭಾರೀ ಖುಷಿ. ಆಮೇಲೆ ಸಣ್ಣ ಪರೀಕ್ಷೆ ಕೊಟ್ಟೆ. 'ಮೈ ಗ್ರ್ಯಾಂಡ್‌ಮದರ್ ಈಸ್ ಫ್ರೆಂಡ್ಲಿ' ಎಂಬಲ್ಲಿ ಅರ್ಧ ತರಗತಿ ಫ್ರೆಂಡ್ಲಿಗೆ ಗೆರೆ ಎಳೆದಿತ್ತು. ಒಬ್ಬ ಫ್ಯಾಮಿಲಿಯನ್ನೂ ಬಿಟ್ಟಿರಲಿಲ್ಲ! ಕೆಂಪು ಪೆನ್ನಿನಲ್ಲಿ ತಪ್ಪು ಹಾಕುತ್ತಾ ಹೋದವಳಿಗೆ ನಾಲ್ಕನೇ ಪುಸ್ತಕಕ್ಕೆ ಕೈ ನಿಂತಿತು. ಹೇಳಿಕೊಟ್ಟವಳು ನಾನೇ ಅಲ್ವಾ?

ಮರುದಿನ ಬೋರ್ಡಿನಲ್ಲಿ ಕನ್ನಡದಲ್ಲೇ ಬರೆದೆ. 'ಚಂದ ಸೀರೆ.' 'ಅವಳು ಚಂದ ಹಾಡ್ತಾಳೆ.' ಎಂಥ ಸೀರೆ? ಹೇಗೆ ಹಾಡ್ತಾಳೆ? ಪದ ಒಂದೇ, ಕೆಲಸ ಬೇರೆ. ಅಜ್ಜಿ ಎಂಥವರು ಎಂದು ಕೇಳಿದರೆ ಫ್ರೆಂಡ್ಲಿ ತಾನಾಗಿ ಅಡ್ಜೆಕ್ಟಿವ್, ಅಂದರೆ ಎಂಥದ್ದು ಎಂದು ಹೇಳುವ ಪದ, ಆಯಿತು. ಹಿಂದಿನ ಬೆಂಚಿನಿಂದ ಒಬ್ಬಳು, "ಟೀಚರ್, ಫಾಸ್ಟ್ ಪ್ಯಾಸೆಂಜರ್?" ಎಂದಳು. ನಮ್ಮಲ್ಲಿ ಓಡುವ ಕೇರಳದ ಸರ್ಕಾರಿ ಬಸ್ಸು ಅದು. ಅಲ್ಲಿ ಫಾಸ್ಟ್ ಅಡ್ಜೆಕ್ಟಿವ್. ಬಸ್ಸು ಫಾಸ್ಟ್ ಹೋಯಿತು ಎಂದರೆ ಅಡ್ವರ್ಬ್. ನಮ್ಮ ರಸ್ತೆಯಲ್ಲಿ ಅದು ಹೋಗುವುದನ್ನು ನೋಡಿದರೆ ಎರಡನೆಯದು ಸ್ವಲ್ಪ ಸಂಶಯ, ಇರಲಿ.

ಎಲ್‌ವೈ ಕೊಟ್ಟ ದೊಡ್ಡ ಪೆಟ್ಟು ಒಂದು ಪ್ರಬಂಧದಲ್ಲಿತ್ತು. ಅಡಿಕೆ ತೋಟದ ಕೆಲಸಕ್ಕೆ ಹೋಗುವ ಅಪ್ಪನ ಬಗ್ಗೆ ಹುಡುಗಿ ಬರೆದಿದ್ದಳು: 'ಮೈ ಫಾದರ್ ಹಾರ್ಡ್ಲಿ ವರ್ಕ್ಸ್.' ಕಷ್ಟಪಟ್ಟು ದುಡಿಯುತ್ತಾರೆ ಎನ್ನಲು 'ವರ್ಕ್ಸ್ ಹಾರ್ಡ್' ಸಾಕಿತ್ತು. ಹಾರ್ಡ್‌ಗೆ ಬಾಲ ಅಂಟಿಸಿದ್ದಕ್ಕೆ ಅಪ್ಪ ಕೆಲಸ ಮಾಡುವುದೇ ಅಪರೂಪ ಎಂದಾಯಿತು. ಅರ್ಥ ಹೇಳಿದೆ. ಅವಳು ಬಾಯಿಗೆ ಕೈ ಇಟ್ಟು, "ಅಪ್ಪನಿಗೆ ಹೇಳ್ಬೇಡಿ ಟೀಚರ್" ಎಂದಳು.

ವರ್ಬಿನ ಕತೆಯೂ ಹೀಗೇ. ವರ್ಬ್ ಅಂದರೆ ಕೆಲಸ ಎಂದು ಕಲಿತ ಮಕ್ಕಳಿಗೆ ರನ್, ಜಂಪ್ ಸಿಗುತ್ತವೆ. ಈಸ್, ಹ್ಯಾವ್, 'ಗೊತ್ತು' ಎಂಬರ್ಥದ ನೋ ಸಿಗುವುದಿಲ್ಲ. ಗೊತ್ತಿರುವುದೇನು ಕೆಲಸವಾ? 'ವಿ ವಾಟರ್ ದ ಪ್ಲಾಂಟ್ಸ್' ಕೊಟ್ಟರೆ ವಾಟರ್ ನೌನ್, ಪ್ಲಾಂಟ್ಸ್ ನೌನ್, ವರ್ಬೇ ಇಲ್ಲ ಎನ್ನುತ್ತಾರೆ. ಈಗ ನಾನು ಹೇಳುವುದಿಷ್ಟು: ಮುಂದೆ 'ಯೆಸ್ಟರ್‌ಡೇ' ಸೇರಿಸಿ, ಯಾವ ಪದ ಬದಲಾಗ್ತದೆ ನೋಡಿ. ಈಸ್ ವಾಸ್ ಆಗ್ತದೆ, ವಾಟರ್ ವಾಟರ್ಡ್ ಆಗ್ತದೆ. ಪುಟ್, ಕಟ್‌ನಂಥ ಕೆಲವು ಮಾತ್ರ ಅಲ್ಲಾಡುವುದಿಲ್ಲ. ಅದನ್ನೂ ಮಕ್ಕಳೇ ಹಿಡಿದರು. ಅವಕ್ಕೆ ಮುಂದೆ 'ಹಿ' ಇಟ್ಟರೆ ಇವತ್ತಿನ ಮಾತಿನಲ್ಲಿ ಪುಟ್ಸ್, ಕಟ್ಸ್ ಆಗ್ತದೆ.

ಮೊನ್ನೆ 'ಹಿ ವೆಂಟ್ ಹೋಮ್' ಬಂತು. ಎಲ್ಲಿಗೆ ಹೋದ ಎಂಬುದಕ್ಕೆ ಉತ್ತರ, ಹಾಗಾಗಿ ಇಲ್ಲಿ ಹೋಮ್ ಅಡ್ವರ್ಬ್ ಎಂದೆ. "ಮನೆ ಹೇಗೆ ಅಡ್ವರ್ಬ್ ಆಗ್ತದೆ ಟೀಚರ್?" ಎಂದು ಮುಂದಿನ ಬೆಂಚಿನ ಹುಡುಗ ಎದ್ದ. ಮನೆ ಅಲ್ಲ ಮಾರಾಯ, 'ಮನೆಗೆ'. ಸ್ಕೂಲಿಗೆ ಹೋಗಲು 'ಟು' ಬೇಕು, ಹೋಮ್‌ಗೆ ಬೇಡ, ನಮ್ಮ 'ಗೆ' ಅದರ ಹೊಟ್ಟೆಯೊಳಗೇ ಇದೆ ಎಂದೆ. ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ಬೆಲ್ ಹೊಡೆಯಿತು. ಎಲ್ಲರಿಗಿಂತ ಮೊದಲು ಬ್ಯಾಗ್ ಹೆಗಲಿಗೇರಿಸಿದವನು ಅವನೇ.