ಪ್ರತ್ಯಕ್ಷದರ್ಶಿ ಮತ್ತು ಮೇಲ್ಮನವಿ

ಕೆಳ ನ್ಯಾಯಾಲಯವು ಪ್ರತ್ಯಕ್ಷದರ್ಶಿಯ ಮಾತನ್ನು ನಂಬಿ ವಿಧಿಸಿದ ಶಿಕ್ಷೆಯನ್ನು ಬೆಂಗಳೂರಿನ ಹೈಕೋರ್ಟ್ ರದ್ದುಪಡಿಸಿದ ಸುದ್ದಿ ಬಂದಾಗಲೆಲ್ಲ, ಅಪರಾಧಿ ತಾಂತ್ರಿಕ ಕಾರಣದಿಂದ ಪಾರಾದನೆಂದು ಗೊಣಗುವವರು ನಮ್ಮಲ್ಲಿ ಬಹಳ. ಆ ಗೊಣಗಾಟ ನನಗೆ ಒಪ್ಪಿಗೆಯಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹೇಳುವವರೂ ನಾವೇ ಅಲ್ಲವೇ?

1957ರ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನು ಪೂರ್ಣ ನಂಬಲರ್ಹರು, ಸ್ವಲ್ಪವೂ ನಂಬಲಾಗದವರು, ಇವೆರಡರ ನಡುವಿನವರು ಎಂದು ವಿಂಗಡಿಸಿತು. ಮೊದಲ ಬಗೆಯ ಒಬ್ಬನೇ ಸಾಕ್ಷಿಯಿದ್ದರೂ ಶಿಕ್ಷೆ ನಿಲ್ಲಬಹುದು; ತೊಡಕೆಲ್ಲ ನಡುವಿನವರದು, ಅವರ ಮಾತಿಗೆ ಬೇರೆ ಪುರಾವೆಯ ಬೆಂಬಲ ಬೇಕು.

ಪೊಲೀಸರ ಮುಂದೆ ಹೇಳದಿದ್ದ ಮುಖ್ಯ ಸಂಗತಿಯನ್ನು ಸಾಕ್ಷಿಯು ನ್ಯಾಯಾಲಯದಲ್ಲಿ ಮೊದಲ ಬಾರಿಗೆ ಹೇಳಿದ್ದರೆ, ಪಾಟೀಸವಾಲಿನಲ್ಲಿ ಹೊರಬಿದ್ದ ಆ ವ್ಯತ್ಯಾಸವನ್ನು ಮೇಲ್ಮನವಿ ನ್ಯಾಯಾಲಯವು ಇಡೀ ಸಾಕ್ಷ್ಯವನ್ನು ಮರುಪರಿಶೀಲಿಸಿ ತೂಗುತ್ತದೆ. ಬಟ್ಟೆಯ ಬಣ್ಣದಂಥ ಸಣ್ಣಪುಟ್ಟ ಮರೆವನ್ನು ಸಾಮಾನ್ಯವಾಗಿ ದೊಡ್ಡದು ಮಾಡುವುದಿಲ್ಲ. ಆರೋಪಿಯನ್ನು ಹಲವರ ನಡುವೆ ನಿಲ್ಲಿಸಿ ಗುರುತು ಹಿಡಿಯಲು ಸಾಕ್ಷಿಗೆ ಹೇಳುವ ಗುರುತು ಪತ್ತೆ ಪರೇಡ್ ನಡೆಸದೆ, ಅಪರಿಚಿತನಾದ ಆರೋಪಿಯನ್ನು ವರ್ಷಗಳ ಬಳಿಕ ಕಟಕಟೆಯಲ್ಲಿ ಕಂಡು ‘ಇವನೇ’ ಎನ್ನುವ ಸಾಕ್ಷ್ಯ ಇನ್ನೂ ದುರ್ಬಲ. ಅಲ್ಲಿ ನಿಂತವನು ಅವನೊಬ್ಬನೇ ಆಗಿರುವಾಗ ಸಾಕ್ಷಿಯು ಬೇರೆ ಯಾರನ್ನು ತೋರಿಸಿಯಾನು?

2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಅದೂ ಕೇಳುವುದಿಲ್ಲ.